ಕೆಲಸದ ಗಾಡಿಯ ಪೆಟ್ಟಿಗೆಗೆ ಎಂಥ ಬೀಗ ಹಾಕಬೇಕು?

ಮಾನ್ಯ ಸಂಪಾದಕರೇ,

ಗೋವಾದಲ್ಲಿ ಪ್ಲಂಬಿಂಗ್, ವೈರಿಂಗ್, ಎಸಿ ದುರಸ್ತಿ, ವೆಲ್ಡಿಂಗ್, ಟೈಲ್ಸ್ ಕೆಲಸಗಳನ್ನು ನೆಚ್ಚಿಕೊಂಡು ಬದುಕುತ್ತಿರುವ ಕನ್ನಡಿಗರಲ್ಲಿ ಅನೇಕರ ಬಂಡವಾಳವೆಂದರೆ ಒಂದು ಸಣ್ಣ ಪಿಕಪ್ ಗಾಡಿ, ಅದರ ಹಿಂಭಾಗಕ್ಕೆ ಜೋಡಿಸಿದ ಒಂದೆರಡು ತಗಡಿನ ಪೆಟ್ಟಿಗೆಗಳು ಮತ್ತು ಅವುಗಳೊಳಗಿನ ಸಲಕರಣೆಗಳು, ಅಷ್ಟೇ. ಗಾಡಿಯ ಕಂತು, ವಿಮೆ, ಫಿಟ್‌ನೆಸ್ ಪ್ರಮಾಣಪತ್ರಗಳ ಬಗ್ಗೆ ತಾರೀಖು ತಪ್ಪದೆ ಕಾಳಜಿ ವಹಿಸುವ ಇವರು ಪೆಟ್ಟಿಗೆಯ ಬೀಗದ ವಿಷಯ ಬಂದಾಗ ಮಾತ್ರ ಹಾರ್ಡ್‌ವೇರ್ ಅಂಗಡಿಯವರು ಎತ್ತಿಕೊಟ್ಟದ್ದನ್ನೇ ತಂದು ಜಡಿದು ನಿಶ್ಚಿಂತರಾಗುತ್ತಾರೆ. ಸೈಟಿನ ಹೊರಗೆ, ರಸ್ತೆಬದಿಯಲ್ಲಿ, ಬಾಡಿಗೆ ಕೋಣೆಯ ಮುಂದಿನ ಇಳಿಜಾರಿನಲ್ಲಿ ರಾತ್ರಿಯಿಡೀ ನಿಲ್ಲುವ ಇಂಥ ಗಾಡಿಗಳಿಂದ ಡ್ರಿಲ್, ಗ್ರೈಂಡರ್, ತಾಮ್ರದ ಪೈಪು, ಕೇಬಲ್ ಸುರುಳಿಗಳು ಮಾಯವಾಗುವುದು ಹೊಸ ಸಂಗತಿಯೇನಲ್ಲ. ಕಳವಾದ ಮೇಲೆ ಎಲ್ಲರ ಬಾಯಲ್ಲೂ ಬರುವ ಮಾತು, ಬೀಗ ಗಟ್ಟಿಯಿರಲಿಲ್ಲ ಎಂಬುದು. ವಾಸ್ಕೊದಲ್ಲಿದ್ದುಕೊಂಡು ವಿದ್ಯುತ್ ಮತ್ತು ಎಸಿ ಕೆಲಸಗಳ ಗುತ್ತಿಗೆ ಹಿಡಿಯುವ ನನಗೆ ಆ ಮಾತು ಅರ್ಧ ಮಾತ್ರ ಸರಿ ಎನ್ನಿಸಿದೆ. ಮಳೆಗಾಲಕ್ಕೆ ಮುನ್ನ ಹಲವರು ಪೆಟ್ಟಿಗೆಗಳಿಗೆ ಬಣ್ಣ ಬಳಿಸಿ ಹೊಸ ಬೀಗ ಹಾಕಿಸುವ ರೂಢಿಯಿರುವುದರಿಂದ, ಈ ಕುರಿತು ತಮ್ಮ ಪತ್ರಿಕೆಯ ಮೂಲಕ ಕೆಲವು ವಿಚಾರಗಳನ್ನು ಓದುಗರ ಮುಂದಿಡಲು ಬಯಸುತ್ತೇನೆ.

ಕಳ್ಳನು ಬೀಗವನ್ನೇ ಒಡೆಯಬೇಕೆಂಬ ನಿಯಮವಿಲ್ಲ. ಪೆಟ್ಟಿಗೆಯಲ್ಲಿ ಎಲ್ಲಿ ಬಲಹೀನವಾಗಿದೆಯೋ ಅಲ್ಲಿಗೆ ಅವನು ಕೈಹಾಕುತ್ತಾನೆ. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯ ಪ್ಲಂಬರ್ ಒಬ್ಬರ ಗಾಡಿಯ ಪೆಟ್ಟಿಗೆ ಖಾಲಿಯಾದಾಗ ಹೋಗಿ ನೋಡಿದೆ. ಹಿಡಿಯಷ್ಟು ದಪ್ಪದ, ಒಳ್ಳೆಯ ಬೆಲೆ ಕೊಟ್ಟು ತಂದ ಬೀಗ ಒಂದು ಗೀರೂ ಇಲ್ಲದೆ ಮುಂಭಾಗದಲ್ಲಿ ಹಾಗೆಯೇ ತೂಗುತ್ತಿತ್ತು. ಮುಚ್ಚಳ ಮಾತ್ರ ಹಿಂದಿನಿಂದ ತೆರೆದು ಬೀಗದ ಮೇಲೆಯೇ ಮಗುಚಿ ಬಿದ್ದಿತ್ತು. ಹಿಂಜುಗಳನ್ನು, ಅಂದರೆ ಮುಚ್ಚಳ ತಿರುಗುವ ಕೀಲುಗಳನ್ನು, ಹೊರಗಿನಿಂದ ಕೂರಿಸಿದ್ದರಿಂದ ಅವುಗಳ ಪಿನ್ನುಗಳನ್ನು ಮೊಳೆ ಮತ್ತು ಸುತ್ತಿಗೆಯಿಂದ ತಟ್ಟಿ ಹೊರತೆಗೆಯುವುದಕ್ಕೆ ಯಾರಿಗೂ ವಿಶೇಷ ಕೌಶಲ ಬೇಕಾಗಿರಲಿಲ್ಲ. ಆ ಪಿನ್ನುಗಳ ಎರಡೂ ತುದಿಗೆ ಒಂದೊಂದು ಚುಕ್ಕೆ ವೆಲ್ಡಿಂಗ್ ಇಡಿಸಿದ್ದರೆ, ಇಲ್ಲವೇ ಮುಚ್ಚಳದ ಉದ್ದಕ್ಕೂ ಸಾಗುವ ಪಿಯಾನೊ ಹಿಂಜನ್ನು ಮುಚ್ಚಳದ ಒಳಮಡಿಕೆಗೆ ಕೂರಿಸಿದ್ದರೆ ಬೀಗಕ್ಕೆ ಕೊಟ್ಟ ಹಣಕ್ಕೆ ಅರ್ಥ ಬರುತ್ತಿತ್ತು.

ಬೀಗವನ್ನು ಸಿಕ್ಕಿಸುವ ಮಡಚು ಪಟ್ಟಿ, ಅಂದರೆ ಹ್ಯಾಸ್ಪ್ ಪಟ್ಟಿಯ ಕಥೆಯೂ ಇದೇ. ಇಲ್ಲಿನ ಅಂಗಡಿಗಳಲ್ಲಿ ಕಡಿ-ಕೊಯಂಡಾ ಎಂದು ಕೇಳಿದರೆ ಸಿಗುವ ತೆಳು ತಗಡಿನ ಪಟ್ಟಿಯನ್ನು ನಾಲ್ಕು ಪಾಪ್ ರಿವೆಟ್‌ಗಳಿಂದ ಪೆಟ್ಟಿಗೆಗೆ ಹೊಡೆದು, ಅದಕ್ಕೆ ಅರ್ಧ ಕಿಲೋ ತೂಕದ ಬೀಗ ಹಾಕಿದ ಗಾಡಿಗಳು ವೆರ್ಣಾ ಕೈಗಾರಿಕಾ ಪ್ರದೇಶದ ಯಾವ ಗೇಟಿನ ಮುಂದೆ ನಿಂತರೂ ಕಾಣಸಿಗುತ್ತವೆ. ಪಾಪ್ ರಿವೆಟ್ ಅಲ್ಯೂಮಿನಿಯಂನದಾಗಿದ್ದರೆ ಸಾಮಾನ್ಯ ಡ್ರಿಲ್ ಬಿಟ್‌ಗೆ ಅದು ಕೆಲವೇ ಸೆಕೆಂಡುಗಳ ಕೆಲಸ, ಒಳ್ಳೆಯ ಹಾರೆಯಿದ್ದರೆ ಡ್ರಿಲ್ಲೂ ಬೇಡ. ಹ್ಯಾಸ್ಪ್ ಪಟ್ಟಿ ಕನಿಷ್ಠ ಮೂರು ಮಿಲಿಮೀಟರ್ ದಪ್ಪವಿರಬೇಕು, ಮುಚ್ಚಿದಾಗ ಅದರ ಬೋಲ್ಟುಗಳ ತಲೆ ಪಟ್ಟಿಯ ಕೆಳಗೆ ಅಡಗುವಂತಿರಬೇಕು, ಬೋಲ್ಟುಗಳು ಸ್ಪ್ಯಾನರ್ ಹಿಡಿಯಲಾಗದ ಗುಂಡುತಲೆಯವಾಗಿದ್ದು ನಟ್ಟುಗಳು ಪೆಟ್ಟಿಗೆಯ ಒಳಗಿರಬೇಕು, ಒಳಗಡೆ ತಗಡಿಗೆ ಆಧಾರವಾಗಿ ಅಂಗೈಯಗಲದ ಒಂದು ದಪ್ಪ ತಟ್ಟೆಯನ್ನೂ ಕೊಡಬೇಕು. ಈ ಆಧಾರದ ತಟ್ಟೆಯನ್ನು ಹಾಕುವವರು ಬಹಳ ಕಡಿಮೆ. ತಗಡು ತೆಳುವಾಗಿದ್ದರೆ ಬೋಲ್ಟ್ ಎಷ್ಟೇ ಗಟ್ಟಿಯಿದ್ದರೂ ಎಳೆದಾಗ ತಗಡನ್ನೇ ಹರಿದುಕೊಂಡು ಹೊರಬರುತ್ತದೆ ಎಂಬುದು ಫ್ಯಾಬ್ರಿಕೇಶನ್ ಮಾಡುವವರಿಗೆ ತಿಳಿಯದ ವಿಷಯವಲ್ಲ. ಗಿರಾಕಿ ಕೇಳುವುದಿಲ್ಲವಾದ್ದರಿಂದ ಅವರೂ ಹಾಕುವುದಿಲ್ಲ.

ತಗಡಿನ ಗೇಜಿನ ಬಗ್ಗೆ ಒಂದು ಮಾತು ಸೇರಿಸಬೇಕು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳ್ಳಗಾಗುತ್ತದೆ. 20 ಗೇಜ್ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್, 16 ಗೇಜ್ ಎಂದರೆ ಸುಮಾರು 1.6 ಮಿಲಿಮೀಟರ್, 14 ಗೇಜ್ ಎಂದರೆ ಎರಡರ ಆಸುಪಾಸು. 20 ಗೇಜಿನ ನಾಲ್ಕಡಿ ಉದ್ದದ ಪೆಟ್ಟಿಗೆಗೆ ನಡುಮಧ್ಯದಲ್ಲಿ ಒಂದೇ ಬೀಗ ಹಾಕಿದರೆ ಮುಚ್ಚಳದ ಎರಡೂ ಮೂಲೆಗಳು ಬಾಗುತ್ತವೆ, ಆ ಸಂದಿಯೊಳಗೆ ತೋಳು ತೂರಿಸಿ ಕೈಗೆ ಸಿಕ್ಕಿದ್ದನ್ನು ಎಳೆದುಕೊಳ್ಳಬಹುದು. ಅಂಥ ಪೆಟ್ಟಿಗೆಗೆ ಎರಡು ತುದಿಗಳಲ್ಲಿ ಎರಡು ಬೀಗಗಳು ಬೇಕು. ಇಲ್ಲವಾದರೆ ಒಂದೇ ಹಿಡಿಕೆ ತಿರುಗಿಸಿದಾಗ ಒಳಗಿನ ಸರಳುಗಳು ಎರಡೂ ಕಡೆಗೆ ಚಾಚಿ ಕಚ್ಚಿಕೊಳ್ಳುವಂಥ ವ್ಯವಸ್ಥೆಯನ್ನು ಮಾಡಿಸಬೇಕು. ಇನ್ನು ಪೆಟ್ಟಿಗೆಯನ್ನು ಗಾಡಿಯ ತಳಕ್ಕೆ ಬಿಗಿದ ಬೋಲ್ಟುಗಳು ಕೆಳಗಿನಿಂದ ಸ್ಪ್ಯಾನರಿಗೆ ಸಿಗುವಂತಿದ್ದರೆ ಬೀಗದ ಚರ್ಚೆಯೇ ವ್ಯರ್ಥ, ಪೆಟ್ಟಿಗೆಯೇ ಹೊರಟುಹೋಗುತ್ತದೆ.

ಪೆಟ್ಟಿಗೆ ಇಷ್ಟು ಸರಿಯಿದೆ ಎಂದಾದ ಮೇಲೆ ಬೀಗದ ಅಂಗಡಿಗೆ ಹೋಗಬಹುದು. ನಮ್ಮ ದೇಶದಲ್ಲಿ ಒಳ್ಳೆಯ ಬೀಗಗಳಿಗೆ ಬರವಿಲ್ಲ. ಅಲಿಗಢ ಊರು ಬೀಗಕ್ಕೇ ಹೆಸರುವಾಸಿ, ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ, ಅರ್ದೇಶಿರ್ ಗೋದ್ರೇಜ್ ಅವರು 1897ರಲ್ಲಿ ಮುಂಬಯಿಯ ಲಾಲ್‌ಬಾಗ್‌ನಲ್ಲಿ ಉದ್ಯಮ ಆರಂಭಿಸಿದ್ದೇ ಬೀಗದ ತಯಾರಿಕೆಯಿಂದ. ಆದರೆ ಈ ಪರಂಪರೆಯ ಬಹುತೇಕ ಬೀಗಗಳನ್ನು ರೂಪಿಸಿದ್ದು ಮನೆ, ಅಂಗಡಿ, ಗೋದಾಮುಗಳ ಬಾಗಿಲಿಗಾಗಿ. ಬಾಗಿಲು ನಿಂತಲ್ಲೇ ನಿಂತಿರುತ್ತದೆ, ಮೇಲೆ ಸೂರೂ ಇರುತ್ತದೆ. ಗಾಡಿಯ ಪೆಟ್ಟಿಗೆಯಾದರೋ ದಿನವಿಡೀ ಅದುರುತ್ತದೆ, ಬಿಸಿಲಲ್ಲಿ ಕಾಯುತ್ತದೆ, ಮಳೆಯಲ್ಲಿ ತೊಯ್ಯುತ್ತದೆ, ಹಿಂದಿನ ಚಕ್ರಗಳು ಎರಚುವ ಕೆಂಪು ನೀರು ನೇರವಾಗಿ ಅದರ ಬೀಗಕ್ಕೇ ಬಡಿಯುತ್ತದೆ. ಮನೆಯ ಬೀಗಕ್ಕೆ ಗುಣವೆನಿಸುವ ಅಂಶ ಗಾಡಿಯ ಬೀಗಕ್ಕೂ ಗುಣವೇ ಆಗಬೇಕೆಂದಿಲ್ಲ.

ಲಿವರ್‌ಗಳ ಸಂಖ್ಯೆಯನ್ನೇ ತೆಗೆದುಕೊಳ್ಳಿ (ಲಿವರ್ ಎಂದರೆ ಚಾವಿ ತಿರುಗಿದಾಗ ಏಳುವ, ಬೀಗದೊಳಗಿನ ತಗಡು). ಆರು ಲಿವರ್, ಏಳು ಲಿವರ್, ಎಂಟು ಲಿವರ್ ಎಂದು ಪೊಟ್ಟಣದ ಮೇಲೆ ಅಚ್ಚಾಗಿರುವ ಸಂಖ್ಯೆ ಬೀಗದ ಬಲವನ್ನು ಸೂಚಿಸುತ್ತದೆ ಎಂದೇ ಗಿರಾಕಿಗಳು ಭಾವಿಸುತ್ತಾರೆ. ಅದು ಸೂಚಿಸುವುದು ಬೇರೆ ಚಾವಿಯಿಂದ ಅಥವಾ ತಂತಿಯಿಂದ ಬೀಗ ತೆರೆಯುವುದು ಎಷ್ಟು ಕಷ್ಟ ಎಂಬುದನ್ನು ಮಾತ್ರ. ಬೀಗದ ಬಾಗಿದ ಕೊಂಡಿಯನ್ನು ಕತ್ತರಿಸುವವನಿಗೂ ಹಾರೆ ಹಾಕಿ ಮೀಟುವವನಿಗೂ ಒಳಗೆ ಎಷ್ಟು ಲಿವರ್‌ಗಳಿವೆ ಎಂಬುದರಿಂದ ಏನೂ ಆಗಬೇಕಾದ್ದಿಲ್ಲ. ರಸ್ತೆಬದಿಯ ಪೆಟ್ಟಿಗೆಗಳ ವಿಷಯದಲ್ಲಿ ತಂತಿ ಹಾಕಿ ತಾಳ್ಮೆಯಿಂದ ಬೀಗ ಬಿಡಿಸುವ ಕಳ್ಳನನ್ನು ನಾನಂತೂ ಕಂಡಿಲ್ಲ. ಲಿವರ್ ಬೀಗದ ಚಾವಿ ತೂತು ದೊಡ್ಡದಾಗಿರುವುದರಿಂದ ದೂಳು ಮತ್ತು ನೀರು ಒಳಸೇರುವುದೂ ಹೆಚ್ಚು. ಬೀಗ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು ಇವು: ಕೊಂಡಿಯ ದಪ್ಪ ಎಷ್ಟು, ಅದನ್ನು ಗಟ್ಟಿಗೊಳಿಸಲಾಗಿದೆಯೇ, ಅದರ ಎಷ್ಟು ಭಾಗ ಹೊರಗೆ ಕಾಣುತ್ತದೆ, ಮತ್ತು ಕೊಂಡಿಯ ಎರಡೂ ಕಾಲುಗಳು ಒಳಗೆ ಕಚ್ಚಿಕೊಳ್ಳುತ್ತವೆಯೇ ಅಥವಾ ಒಂದೇ ಕಾಲೇ. ಒಂದೇ ಕಾಲನ್ನು ಸ್ಪ್ರಿಂಗ್ ಹಿಡಿದುಕೊಂಡಿರುವ, ಒತ್ತಿದರೆ ಟಕ್ಕನೆ ಮುಚ್ಚುವ ಅಗ್ಗದ ಬೀಗಗಳನ್ನು ಕೊಂಡಿ ಮತ್ತು ಬೀಗದ ನಡುವೆ ತೆಳುವಾದ ಲೋಹದ ಚೂರೊಂದನ್ನು ತೂರಿಸಿ ಬಿಡಿಸಬಹುದು. ಎರಡೂ ಕಾಲುಗಳನ್ನು ಉಕ್ಕಿನ ಗುಂಡುಗಳು ಹಿಡಿದಿರುವ ಬೀಗದಲ್ಲಿ ಈ ಉಪಾಯ ನಡೆಯದು.

ಕೊಂಡಿ ಕತ್ತರಿಸುವ ಉದ್ದ ಹಿಡಿಕೆಯ ಕತ್ತರಿಯಾದ ಬೋಲ್ಟ್ ಕಟರ್ ಕೆಲಸ ಮಾಡಬೇಕಾದರೆ ಅದರ ಎರಡು ದವಡೆಗಳೂ ಕೊಂಡಿಯ ಸುತ್ತ ಕೂರಬೇಕು. ಆದುದರಿಂದ ಕೊಂಡಿಯ ಎರಡು ಕಡೆ ಭುಜದಂತೆ ಎದ್ದು ಅದನ್ನು ಮುಚ್ಚುವ ಬೀಗಗಳು, ಅಥವಾ ಕೊಂಡಿಯೇ ಹೊರಗೆ ಕಾಣದಂತೆ ಬೆನ್ನಿನಲ್ಲಿ ಅಡಗಿರುವ ತಟ್ಟೆಯಾಕಾರದ ದುಂಡು ಬೀಗಗಳು ಗಾಡಿಗಳಿಗೆ ಹೆಚ್ಚು ಯೋಗ್ಯ. ವಿದೇಶಗಳಲ್ಲಿ ಸರಕಿನ ವ್ಯಾನುಗಳ ಹಿಂಬಾಗಿಲಿಗೆ ಈ ದುಂಡು ಬೀಗಗಳು ಬಹಳ ಬಳಕೆಯಲ್ಲಿವೆ, ಈಗ ನಮ್ಮಲ್ಲೂ ಸಿಗುತ್ತಿವೆ. ಅವುಗಳಿಗೆ ತಕ್ಕ ಬಟ್ಟಲಿನಂಥ ಹ್ಯಾಸ್ಪನ್ನೂ ಜೊತೆಗೇ ಕೊಳ್ಳಬೇಕು. ಬಿಡಿಯಾಗಿ ತಂದರೆ ಒಂದಕ್ಕೊಂದು ಹೊಂದುವುದಿಲ್ಲ. ಯುರೋಪಿನ ಇಎನ್ 12320 ಮಾನಕದ ಪ್ರಕಾರ ಪರೀಕ್ಷಿಸಿದ ತೂಗುಬೀಗಗಳಿಗೆ, ಅಂದರೆ ಪ್ಯಾಡ್‌ಲಾಕ್‌ಗಳಿಗೆ 1ರಿಂದ 6ರವರೆಗೆ ಭದ್ರತೆಯ ದರ್ಜೆಯಿರುತ್ತದೆ, ನಮ್ಮಲ್ಲಿ ಪ್ಯಾಡ್‌ಲಾಕ್‌ಗಳಿಗೆ ಐಎಸ್ 275 ಎಂಬ ಮಾನಕವಿದೆ. ಪೊಟ್ಟಣದ ಮೇಲೆ ಇಂಥ ಗುರುತಿದ್ದರೆ ತೂಕವನ್ನು ಕೈಯಲ್ಲಿ ಅಂದಾಜು ಮಾಡುವುದಕ್ಕಿಂತ ಅದನ್ನು ನೋಡಿ ಆಯ್ಕೆ ಮಾಡುವುದು ಮೇಲು. ಬ್ಯಾಟರಿ ಗ್ರೈಂಡರಿನ ಮುಂದೆ ಬಹುಕಾಲ ತಾಳುವ ಬೀಗ ಮಾತ್ರ ಅಪರೂಪ. ಗ್ರೈಂಡರ್ ಸದ್ದು ಮಾಡುತ್ತದೆ, ಕಿಡಿ ಹಾರಿಸುತ್ತದೆ, ಆದ್ದರಿಂದ ಅದಕ್ಕೆ ಉತ್ತರವೆಂದರೆ ಗಾಡಿಯನ್ನು ಜನವಸತಿಯಿರುವಲ್ಲಿ, ಪೆಟ್ಟಿಗೆಯ ಬಾಗಿಲು ಗೋಡೆಗೆ ತಾಗುವಂತೆ ನಿಲ್ಲಿಸುವುದು.

ಪ್ಯಾಡ್‌ಲಾಕ್‌ಗಿಂತ ಹೆಚ್ಚು ಮೋಸ ನಡೆಯುವುದು ಪೆಟ್ಟಿಗೆಯಲ್ಲೇ ಕೂಡಿಕೊಂಡಿರುವ ಬೀಗಗಳಲ್ಲಿ. ಚಾವಿ ತಿರುಗಿಸಿದಾಗ ಒಳಗಿನ ಲೋಹದ ನಾಲಗೆ ಕಾಲುಸುತ್ತು ತಿರುಗಿ ಕಚ್ಚಿಕೊಳ್ಳುವ ಕ್ಯಾಮ್ ಲಾಕ್, ಮತ್ತು ಮಡಚುವ ಹಿಡಿಕೆಯೊಳಗೆ ಬೀಗವಿರುವ ಪ್ಯಾಡಲ್ ಹಿಡಿಕೆ, ಇವೆರಡೂ ನೋಡಲು ಅಂದ, ಬಳಸಲು ಸಲೀಸು, ಗಾಡಿ ಓಡುವಾಗ ತೂಗಾಡಿ ಸದ್ದು ಮಾಡುವುದೂ ಇಲ್ಲ. ಆದರೆ ಅಗ್ಗದ ಕ್ಯಾಮ್ ಲಾಕ್‌ಗಳನ್ನು ತಯಾರಕರು ಕೆಲವೇ ಬಗೆಯ ಚಾವಿಗಳಿಗೆ ತಯಾರಿಸುತ್ತಾರೆ. ಬೀಗದ ಮುಖದ ಮೇಲೆ ಅಥವಾ ಚಾವಿಯ ಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ. ಒಂದೇ ತಯಾರಿಕೆಯಲ್ಲಿ ಅದೇ ಸಂಖ್ಯೆಯ ಇನ್ನೊಂದು ಬೀಗದ ಚಾವಿ ಇದಕ್ಕೂ ಹೊಂದುತ್ತದೆ. ಅಮೆರಿಕದಲ್ಲಿ ಸಿಎಚ್ 751 ಎಂಬ ಒಂದೇ ಸಂಖ್ಯೆಯ ಚಾವಿ ಅಸಂಖ್ಯ ಪ್ರವಾಸಿ ವಾಹನಗಳ ಸಾಮಾನು ಖಾನೆಗಳನ್ನು ತೆರೆಯುತ್ತದೆ ಎಂಬುದು ಆ ವಾಹನಗಳನ್ನು ಬಳಸುವವರೆಲ್ಲರಿಗೂ ಗೊತ್ತಿರುವ ಗುಟ್ಟು. ಮಡಗಾಂವಿನ ಅಂಗಡಿಯೊಂದರಲ್ಲಿ ನಾನು ಒಂದೇ ಡಬ್ಬಿಯ ಬೀಗಗಳನ್ನು ಮೇಜಿನ ಮೇಲೆ ಹರಡಿ, ಒಂದರ ಚಾವಿಯನ್ನು ಮತ್ತೊಂದಕ್ಕೆ ಹಾಕಿ ತಿರುಗಿಸಿದಾಗ ಅದು ಸಲೀಸಾಗಿ ತಿರುಗಿತು. ಅಂಗಡಿಯವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಓದುಗರು ಕೊಳ್ಳುವ ಮುನ್ನ ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ ನೋಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇದರಿಂದ ಬರುವ ತೊಂದರೆ ಕಳವಿಗೆ ಮುಗಿಯುವುದಿಲ್ಲ. ಗಾಡಿಯ ವಿಮೆ ಸಾಮಾನ್ಯವಾಗಿ ಒಳಗಿಟ್ಟ ಬಿಡಿ ಸಲಕರಣೆಗಳಿಗೆ ಅನ್ವಯಿಸುವುದಿಲ್ಲ, ಅವುಗಳಿಗೆ ಪ್ರತ್ಯೇಕ ಪಾಲಿಸಿ ಮಾಡಿಸಬೇಕು. ಹಾಗೆ ಮಾಡಿಸಿದ ಪಾಲಿಸಿಗಳಲ್ಲಿ ಹಲವು, ಬಲಪ್ರಯೋಗದಿಂದ ಒಳಹೊಕ್ಕು ಮಾಡಿದ ಕಳವಿಗೆ ಮಾತ್ರ ಪರಿಹಾರ ಎಂಬ ಷರತ್ತನ್ನು ಹೊಂದಿರುತ್ತವೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ, ಇಂಥ ಷರತ್ತು ಪಾಲಿಸಿಯಲ್ಲಿದ್ದರೆ ಅದನ್ನು ಇದ್ದಂತೆಯೇ ಓದಬೇಕು, ಬಲಪ್ರಯೋಗವಿಲ್ಲದ ಕಳವಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ತೀರ್ಪಿತ್ತಿದೆ. ಅಂದಮೇಲೆ ಎಲ್ಲರ ಜೇಬಿನಲ್ಲೂ ಇರಬಹುದಾದ ಚಾವಿಯಿಂದ ತೆರೆದು, ಒಂದು ಗೀರೂ ಇಲ್ಲದಂತೆ ಮತ್ತೆ ಮುಚ್ಚಿಹೋದ ಪೆಟ್ಟಿಗೆಯ ಮಾಲೀಕ ವಿಮಾ ಕಂಪನಿಯ ಸರ್ವೇಯರ್‌ಗೆ ಏನನ್ನು ತೋರಿಸುತ್ತಾನೆ? ಬೀಗ ಒಡೆದ ಗುರುತು ಉಳಿಯುವುದೂ ಕೆಲವೊಮ್ಮೆ ಲಾಭವೇ.

ಕ್ಯಾಮ್ ಲಾಕ್ ಬೇಕೇಬೇಕು ಎನ್ನುವವರು ಪ್ರತಿ ಬೀಗಕ್ಕೂ ಬೇರೆ ಚಾವಿಯಿರುವ, ಮುಖದ ಮೇಲೆ ಸಂಖ್ಯೆಯಿಲ್ಲದ, ಕೊಳವೆಯಂಥ ಚಾವಿಯ ಅಥವಾ ಒಳಗೆ ತಿರುಗುವ ಬಿಲ್ಲೆಗಳಿರುವ ಬಗೆಯನ್ನು ಹುಡುಕಬೇಕು. ಕೂರಿಸುವಾಗಲೂ ಎಚ್ಚರ ಬೇಕು. ಇವುಗಳ ಸಾಮಾನ್ಯ ಗಾತ್ರ 19 ಮಿಲಿಮೀಟರ್. ಮೈಯ ಎರಡು ಬದಿಗಳನ್ನು ಚಪ್ಪಟೆ ಮಾಡಿರುವುದರಿಂದ ತಗಡಿನ ತೂತನ್ನೂ ಆ ಆಕಾರಕ್ಕೇ ಕತ್ತರಿಸಬೇಕು. ಹೋಲ್ ಸಾದಿಂದ ಗುಂಡಗೆ ತೂತು ಕೊರೆದು ನಟ್ಟು ಬಿಗಿದು ಕೊಟ್ಟುಬಿಟ್ಟರೆ, ದೊಡ್ಡ ಇಕ್ಕಳದಿಂದ ಬೀಗದ ತಲೆ ಹಿಡಿದು ತಿರುವಿದಾಗ ಇಡೀ ಬೀಗವೇ ತಿರುಗಿ ನಾಲಗೆ ಬಿಟ್ಟುಕೊಳ್ಳುತ್ತದೆ. ಒಳಗಿನ ನಟ್ಟು ಗಾಡಿಯ ಅದುರಿಗೆ ಸಡಿಲವಾಗದಂತೆ ಹಲ್ಲಿನ ವಾಷರ್ ಹಾಕುವುದು ಅಥವಾ ಎಳೆಗೆ ಥ್ರೆಡ್ ಲಾಕರ್ ಎಂಬ ಅಂಟು ಹಚ್ಚುವುದು ಎರಡು ನಿಮಿಷದ ಕೆಲಸ. ಗೋವಾದಿಂದ ಅನ್ಮೋಡ್ ಅಥವಾ ಚೋರ್ಲಾ ಘಾಟು ಹತ್ತಿ ಬೆಳಗಾವಿ ಕಡೆಗೆ ಹೋಗಿಬರುವ ಗಾಡಿಗಳಿಗಂತೂ ಇದು ಅಗತ್ಯ.

ಇನ್ನು ಕರಾವಳಿಯ ಹವೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆ ಎಂಥದೆಂದು ಹೇಳಬೇಕಾಗಿಲ್ಲ. ಆದರೆ ಬೀಗವನ್ನು ಹೆಚ್ಚಾಗಿ ತಿನ್ನುವುದು ಮಳೆನೀರಲ್ಲ, ಗಾಳಿಯಲ್ಲಿರುವ ಸಮುದ್ರದ ಉಪ್ಪು. ಜೋರು ಮಳೆಯಾದರೆ ಉಪ್ಪು ತೊಳೆದುಹೋಗುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ಮೇವರೆಗೆ ಅದು ಲೋಹದ ಮೇಲೆ ಕೂತು ರಾತ್ರಿಯ ತೇವವನ್ನು ಹೀರಿಕೊಂಡು ನಿಧಾನವಾಗಿ ಕೆಲಸ ಮಾಡುತ್ತದೆ. ಬಾಯ್ನಾ, ಬೋಗ್ಮಳೊ ಕಡೆ ಗಾಡಿ ನಿಲ್ಲಿಸುವವರು ಮಳೆಗಾಲ ಕಳೆಯಿತೆಂದು ಬೀಗವನ್ನು ಮರೆಯಬಾರದು. ಹೊಳಪಿನ ಕ್ರೋಮ್ ಲೇಪದ ಜಿಂಕ್ ಎರಕದ ಬೀಗಗಳು ಈ ಹವೆಯಲ್ಲಿ ಬೇಗ ಗುಳ್ಳೆಯೆದ್ದು ಬಿಳಿಯ ಪುಡಿ ಉದುರಿಸುತ್ತವೆ. ಹಿತ್ತಾಳೆಯ ಮೈ ತುಕ್ಕು ಹಿಡಿಯದು, ಆದರೆ ಅದರೊಳಗಿನ ಉಕ್ಕಿನ ಕೊಂಡಿಯೂ ಸ್ಪ್ರಿಂಗೂ ತುಕ್ಕು ಹಿಡಿಯುತ್ತವೆ, ಹಿತ್ತಾಳೆಯ ಸಹವಾಸದಲ್ಲಿ ಇನ್ನೂ ಬೇಗ ಹಿಡಿಯುತ್ತವೆ. ಸ್ಟೇನ್‌ಲೆಸ್ ಎಂದು ಹೇಳಿ ಮಾರುವುದೆಲ್ಲ ಒಂದೇ ಅಲ್ಲ. 304 ದರ್ಜೆಯ ಉಕ್ಕಿಗೆ ಸಮುದ್ರದ ಬಳಿ ಕಂದು ಕಲೆಗಳು ಬರುತ್ತವೆ. 316 ದರ್ಜೆಯಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಸೇರಿರುವುದರಿಂದ ಅದು ಉಪ್ಪನ್ನು ಚೆನ್ನಾಗಿ ತಾಳುತ್ತದೆ, ಬೆಲೆಯೂ ಹೆಚ್ಚು. ಇಲ್ಲೊಂದು ತೊಡಕಿದೆ. ಈ ದರ್ಜೆಗಳ ಸ್ಟೇನ್‌ಲೆಸ್ ಕೊಂಡಿಯನ್ನು ಬೋರಾನ್ ಉಕ್ಕಿನ ಕೊಂಡಿಯಷ್ಟು ಗಟ್ಟಿಗೊಳಿಸಲಾಗುವುದಿಲ್ಲ. ಕತ್ತರಿಸುವುದಕ್ಕೆ ಒಗ್ಗದ ಕೊಂಡಿ ಬೇಕೋ, ಉಪ್ಪಿಗೆ ಒಗ್ಗುವ ಕೊಂಡಿ ಬೇಕೋ ಎಂಬ ಆಯ್ಕೆಯನ್ನು ಇಲ್ಲಿ ಮಾಡಲೇಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕೊಂಡಿ ಹೊರಗೆ ಕಾಣದ ಬೀಗವಾದರೆ ಸ್ಟೇನ್‌ಲೆಸ್ಸನ್ನೇ ಆರಿಸಬೇಕು, ಏಕೆಂದರೆ ಅಲ್ಲಿ ಕತ್ತರಿಯ ಭಯ ಹೇಗೂ ಕಡಿಮೆ. ಕೊಂಡಿ ಹೊರಗಿದ್ದರೆ ಗಟ್ಟಿ ಉಕ್ಕಿನದನ್ನೇ ಆರಿಸಿ, ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚಿಗೆ ಸಿದ್ಧರಾಗಬೇಕು.

ಅಲ್ಯೂಮಿನಿಯಂ ಪೆಟ್ಟಿಗೆಗೆ ಸ್ಟೇನ್‌ಲೆಸ್ ಬೋಲ್ಟು ಹಾಕುವವರು ನಡುವೆ ನೈಲಾನ್ ವಾಷರ್ ಕೊಡದಿದ್ದರೆ ಉಪ್ಪುನೀರಿನಲ್ಲಿ ಬೋಲ್ಟಿಗೆ ಏನೂ ಆಗದೆ ಅದರ ಸುತ್ತಲಿನ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಬೀಗಕ್ಕೆ ರಬ್ಬರಿನ ಅಂಗಿ ತೊಡಿಸುವುದರಿಂದ ಬಣ್ಣ ಕೆರೆಯುವುದು ತಪ್ಪುತ್ತದೆ, ಆದರೆ ಆ ಅಂಗಿಯ ತಳದಲ್ಲಿ ನೀರು ಹೊರಹೋಗುವ ತೂತಿಲ್ಲದಿದ್ದರೆ ಅದನ್ನು ಕಿತ್ತೆಸೆಯುವುದೇ ವಾಸಿ. ಬೀಗ ಯಾವುದೇ ಇರಲಿ, ಚಾವಿ ತೂತು ಕೆಳಮುಖವಾಗಿ ತೂಗಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮವರ ಕೈ ಧಾರಾಳ. ಚಾವಿ ತಿರುಗದಿದ್ದರೆ ಕೊಬ್ಬರಿ ಎಣ್ಣೆ, ಗ್ರೀಸು, ಹಳೆಯ ಎಂಜಿನ್ ಆಯಿಲ್ ಏನು ಸಿಕ್ಕರೂ ಹಾಕುತ್ತಾರೆ. ಡಿಚೋಲಿ, ಸಾಂಗೆ ಕಡೆಯ ಗಣಿ ರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಆ ಎಣ್ಣೆ ಕೆಂಪು ದೂಳಿನೊಂದಿಗೆ ಬೆರೆತು ಬೀಗದೊಳಗೆ ಅಂಟಿನಂತಾಗಿ ಪಿನ್ನುಗಳನ್ನು ಹಿಡಿದುಬಿಡುತ್ತದೆ. ಬೀಗವನ್ನು ಮೊದಲು ಸ್ಪ್ರೇಯಿಂದ ತೊಳೆದು, ಒಣಗಿದ ಮೇಲೆ ಪಿಟಿಎಫ್ಇ (ಟೆಫ್ಲಾನ್) ಬಗೆಯ ಒಣ ಲೂಬ್ರಿಕೆಂಟನ್ನು ಹಾಕುವುದು ಸರಿಯಾದ ಕ್ರಮ.

ಬೀಗಕ್ಕಿಂತ ಚಾವಿಯ ವ್ಯವಸ್ಥೆ ಹೆಚ್ಚು ಯೋಚನೆ ಬೇಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಗಾಡಿಯಲ್ಲಿ ನಾಲ್ಕು ಖಾನೆಗಳು, ನಾಲ್ಕಕ್ಕೂ ಬೇರೆ ಬೇರೆ ಚಾವಿಗಳು ಎಂದಾದರೆ ದಿನಕ್ಕೆ ಹತ್ತಾರು ಸಲ ಗೊಂಚಲು ತಡಕಾಡಿ ಬೇಸತ್ತ ಕೆಲಸಗಾರನು ಬೀಗ ಹಾಕದೆ ಕೊಂಡಿಯನ್ನು ಸುಮ್ಮನೆ ಸಿಕ್ಕಿಸಿ ಹೋಗುವುದು ಸಹಜ. ಬೀಗ ಹಾಕಿದಂತೆ ಕಾಣುವ ಬೀಗದಷ್ಟು ಕೇಡಿನದು ಇನ್ನೊಂದಿಲ್ಲ. ಇದನ್ನು ತಪ್ಪಿಸಲು ಒಂದೇ ಚಾವಿಗೆ ತೆರೆಯುವ ಬೀಗಗಳ ಗುಂಪನ್ನು ತಯಾರಕರಿಂದ ಕೇಳಿ ಪಡೆಯಬಹುದು. ಆದರೆ ಐದು ಗಾಡಿಗಳಿರುವ ಗುತ್ತಿಗೆದಾರ ಐದಕ್ಕೂ ಒಂದೇ ಚಾವಿ ಮಾಡಿಸಿದರೆ ಒಂದು ಚಾವಿ ಕಳೆದುಹೋದ ದಿನ ಅಷ್ಟೂ ಬೀಗಗಳನ್ನು ಬದಲಾಯಿಸಬೇಕಾಗುತ್ತದೆ. ಒಂದು ಗಾಡಿಗೆ ಒಂದು ಚಾವಿ ಎಂಬುದು ನಡುದಾರಿ. ಎಲ್ಲ ಗಾಡಿಗಳಿಗೂ ಹೊಂದುವ ಮಾಸ್ಟರ್ ಚಾವಿ ಮಾಲೀಕನ ಬಳಿ ಇರುವ ವ್ಯವಸ್ಥೆಯೂ ಉಂಟು. ಅದರಲ್ಲಿ ಪ್ರತಿ ಬೀಗವೂ ಒಂದಕ್ಕಿಂತ ಹೆಚ್ಚು ಚಾವಿಗಳಿಗೆ ಒಪ್ಪಬೇಕಾದ್ದರಿಂದ ತಂತಿ ಹಾಕಿ ತೆರೆಯುವುದು ಸ್ವಲ್ಪ ಸುಲಭವಾಗುತ್ತದೆ ಎಂಬುದನ್ನು ತಿಳಿದೇ ಆರಿಸಬೇಕು. ಬೀಗ ಮುಚ್ಚದೆ ಚಾವಿ ಹೊರಬಾರದ ಬಗೆಯ ಪ್ಯಾಡ್‌ಲಾಕ್‌ಗಳು ಸಿಗುತ್ತವೆ. ಚಾವಿ ಜೇಬಿಗೆ ಬಂದಿದೆ ಎಂದರೆ ಬೀಗ ಬಿದ್ದಿದೆ ಎಂದೇ ಅರ್ಥವಾಗುವುದರಿಂದ, ಕೆಲಸದ ಹುಡುಗರು ಬದಲಾಗುತ್ತಲೇ ಇರುವ ಗಾಡಿಗಳಿಗೆ ಇದರಂಥ ಅನುಕೂಲ ಬೇರೆಯಿಲ್ಲ.

ಕೆಲಸ ಬಿಟ್ಟುಹೋದವರಿಂದ ಚಾವಿ ಹಿಂತಿರುಗಿ ಪಡೆದ ಮಾತ್ರಕ್ಕೆ ಸಮಾಧಾನಪಡುವಂತಿಲ್ಲ. ಸಾಧಾರಣ ಚಾವಿಗೆ ಬಸ್ ನಿಲ್ದಾಣದ ಪಕ್ಕದಲ್ಲಿ ಹತ್ತು ನಿಮಿಷದಲ್ಲಿ ನಕಲು ಸಿಗುತ್ತದೆ, ಒಳ್ಳೆಯ ಫೋಟೊ ಒಂದಿದ್ದರೂ ಚಾವಿಯ ಹಲ್ಲುಗಳ ಅಳತೆ ತೆಗೆಯಬಲ್ಲ ಕುಶಲಿಗಳಿದ್ದಾರೆ. ಇಷ್ಟು ಬರೆದೆನೆಂದು ಕೆಲಸದ ಹುಡುಗರನ್ನು ಸಂಶಯಿಸಬೇಕೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆಗಳಿಂದ ಬಂದು ಇಲ್ಲಿ ದುಡಿಯುವ ಈ ಹುಡುಗರ ಮೇಲೆಯೇ, ಕಳವಾದಾಗಲೆಲ್ಲ, ಮೊದಲ ಬೊಟ್ಟು ಮಾಡುವ ಚಾಳಿ ನಮ್ಮ ಮಾಲೀಕರಲ್ಲಿದೆ. ಯಾವ ಚಾವಿ ಯಾರ ಕೈಯಲ್ಲಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಸಹಿ ಸಮೇತ ಬರೆದಿಟ್ಟರೆ ಅದರಿಂದ ರಕ್ಷಣೆ ದೊರೆಯುವುದು ಮಾಲೀಕನಿಗಿಂತ ಹೆಚ್ಚಾಗಿ ಅವರಿಗೇ.

ಸಂಖ್ಯೆ ತಿರುಗಿಸಿ ತೆರೆಯುವ ಬೀಗಗಳು ಚಾವಿಯ ಗೊಡವೆ ತಪ್ಪಿಸುತ್ತವೆ ಎಂದು ಕೆಲವರು ಇಷ್ಟಪಡುತ್ತಾರೆ. ಜಾಕು, ಹಗ್ಗ, ನೀರಿನ ಕ್ಯಾನು ಇಡುವ ಖಾನೆಗೆ ಅವು ಸಾಕು. ಮರಳು, ಸಿಮೆಂಟು ಹೊಕ್ಕರೆ ಸಂಖ್ಯೆಯ ಗಾಲಿಗಳು ತಿರುಗುವುದಿಲ್ಲ, ಮತ್ತು ಒಮ್ಮೆ ಹೇಳಿದ ಸಂಖ್ಯೆಯನ್ನು ಬದಲಾಯಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಬೆರಳಚ್ಚಿನ ಮತ್ತು ಮೊಬೈಲ್‌ನಿಂದ ತೆರೆಯುವ ಬೀಗಗಳನ್ನು ಸಿಮೆಂಟು ಹತ್ತಿದ ಬೆರಳುಗಳವರಿಗೆ ಶಿಫಾರಸು ಮಾಡಲು ನನಗಂತೂ ಮನಸ್ಸಿಲ್ಲ.

ಬೀಗ ಹಾಕಬಾರದ ಸಂಗತಿಗಳೂ ಇವೆ. ಪ್ರಥಮ ಚಿಕಿತ್ಸೆಯ ಡಬ್ಬಿ ಮತ್ತು ಬೆಂಕಿ ನಂದಿಸುವ ಸಿಲಿಂಡರನ್ನು ಬೀಗದ ಹಿಂದೆ ಇಡುವುದು ಮೂರ್ಖತನ. ವೆಲ್ಡಿಂಗ್‌ನ ಅಸಿಟಿಲೀನ್ ಅಥವಾ ಎಲ್‌ಪಿಜಿ ಸಿಲಿಂಡರುಗಳನ್ನು ಕಳ್ಳರ ಭಯದಿಂದ ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದರೆ, ವಾಲ್ವಿನಿಂದ ಸೋರಿದ ಅನಿಲ ಅಲ್ಲೇ ಸಂಗ್ರಹವಾಗಿ ಒಂದು ಕಿಡಿಗೆ ಸಿಡಿಯುತ್ತದೆ. ಅವುಗಳನ್ನು ನೆಟ್ಟಗೆ ನಿಲ್ಲಿಸಿ, ಸರಪಣಿಯಿಂದ ಬಿಗಿದು, ಸರಪಣಿಗೆ ಬೀಗ ಹಾಕಬೇಕು. ಮನುಷ್ಯ ಒಳಗೆ ನಿಲ್ಲಬಹುದಾದಷ್ಟು ದೊಡ್ಡ ಮುಚ್ಚಿದ ಬಾಡಿಯ ಗಾಡಿಗಳಾದರೆ ಒಳಗಿನಿಂದಲೂ ಬಾಗಿಲು ತೆರೆಯುವ ಹಿಡಿಕೆ ಇರಲೇಬೇಕು.

ಕೊನೆಯದಾಗಿ, ಇಷ್ಟಾದರೂ ಕಳವಾದರೆ ಏನು ಮಾಡಬೇಕೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿದಿಲ್ಲವೆಂದು ಕಾಣುತ್ತದೆ. ಸಣ್ಣ ಸಾಮಾನಿನ ಕಳವಿಗೆ ಪೊಲೀಸರು ಕಿವಿಗೊಡುವುದಿಲ್ಲ ಎಂದುಕೊಂಡು ಸುಮ್ಮನಾಗುವವರೇ ಬಹಳ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನ ಪ್ರಕಾರ, ಸರಕು ಅಥವಾ ಪ್ರಯಾಣಿಕರ ಸಾಗಣೆಗೆ ಬಳಸುವ ವಾಹನದಿಂದ ವಸ್ತುಗಳನ್ನು ಕದಿಯುವುದು ಸಾಮಾನ್ಯ ಕಳವಿಗಿಂತ ಗಂಭೀರ ಅಪರಾಧವಾಗಿದ್ದು, ಅದಕ್ಕೆ 7 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದೆಂದೂ, ವಿದ್ಯುನ್ಮಾನ ರೂಪದಲ್ಲಿ ಕಳುಹಿಸಿದರೆ 3 ದಿನಗಳೊಳಗೆ ಸಹಿ ಹಾಕಬೇಕೆಂದೂ ಹೇಳುತ್ತದೆ. ರಾತ್ರಿ ಫೋಂಡಾದಲ್ಲಿ ನಿಲ್ಲಿಸಿದ್ದ ಗಾಡಿಯ ಪೆಟ್ಟಿಗೆ ಖಾಲಿಯಾಗಿರುವುದು ಬೆಳಿಗ್ಗೆ ಘಾಟು ದಾಟಿ ಖಾನಾಪುರ ತಲುಪಿದಾಗ ಗೊತ್ತಾದರೆ, ಅಲ್ಲಿಯ ಠಾಣೆಯಲ್ಲೇ ಕನ್ನಡದಲ್ಲಿ ದೂರು ಕೊಡಬಹುದು.

ದೂರಿನಲ್ಲಿ ಬರೆಯಲು ಮಾತ್ರ ಏನಾದರೂ ಇರಬೇಕು. ಒಂದು ಡ್ರಿಲ್, ಒಂದು ಗ್ರೈಂಡರ್ ಎಂದಷ್ಟೇ ಬರೆದರೆ ನಾಳೆ ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಅದೇ ಸಲಕರಣೆ ಕಣ್ಣಿಗೆ ಬಿದ್ದರೂ ಅದು ನನ್ನದೆಂದು ಹೇಳಲಾಗದು. ಕಳವಾದ ಮೇಲೆ ಬಿಲ್ಲು ಹುಡುಕುವುದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಪ್ರತಿಯೊಂದು ಯಂತ್ರದ ಮೇಲೂ ಒಂದು ಕ್ರಮಸಂಖ್ಯೆ ಇರುತ್ತದೆ. ಅದರ ಫೋಟೊವನ್ನು, ಬಿಲ್ಲಿನ ಫೋಟೊವನ್ನು ಮತ್ತು ಬೀಗ ಹಾಕಿದ ಸ್ಥಿತಿಯಲ್ಲಿರುವ ಪೆಟ್ಟಿಗೆಯ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದು ಮನೆಯವರಿಗೂ ಕಳುಹಿಸಿಟ್ಟುಕೊಳ್ಳಬೇಕು. ಯಂತ್ರದ ಮೈಮೇಲೆ ಗಾಡಿಯ ನೋಂದಣಿ ಸಂಖ್ಯೆಯನ್ನು ಕೊರೆಸಿಬಿಟ್ಟರೆ ಮಾರುವವನಿಗೂ ಕೊಳ್ಳುವವನಿಗೂ ಮುಜುಗರವಾಗುತ್ತದೆ. ಗೋವಾದಲ್ಲಿರುವ ನಮ್ಮ ಕನ್ನಡ ಸಂಘಗಳು ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಕೊರೆಯುವ ಯಂತ್ರವೊಂದನ್ನು ತರಿಸಿ, ಫ್ಯಾಬ್ರಿಕೇಶನ್ ಬಲ್ಲ ಇಬ್ಬರನ್ನು ಕೂರಿಸಿ, ಬಂದವರ ಗಾಡಿಗಳ ಹಿಂಜು, ಹ್ಯಾಸ್ಪುಗಳನ್ನು ಪರಿಶೀಲಿಸುವ ಏರ್ಪಾಡು ಮಾಡಿದರೆ ಅನೇಕರಿಗೆ ಉಪಕಾರವಾದೀತು. ಅಂಥ ಏರ್ಪಾಡಿಗೆ ನನ್ನ ಕೈಲಾದ ನೆರವು ನೀಡಲು ಸಿದ್ಧನಿದ್ದೇನೆ. ತಾವು ಈ ಪತ್ರವನ್ನು ಪ್ರಕಟಿಸಿ ಸಂಘಗಳ ಪದಾಧಿಕಾರಿಗಳ ಗಮನ ಸೆಳೆಯಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿದ್ಯುತ್ ಗುತ್ತಿಗೆದಾರ
ವಾಸ್ಕೊ, ಗೋವಾ